ಕೈಗೆಟುಕುವ ಡಬ್ಬಿ

ಮೊಮ್ಮಕ್ಕಳೇ,

ಶಂಕರಘಟ್ಟದ ರಸ್ತೆಬದಿಯ ಮನೆಯಲ್ಲಿ ಕೂತು ಜ್ಞಾನಸಹ್ಯಾದ್ರಿ ಕ್ಯಾಂಪಸ್ಸಿಗೆ ಬಂದುಹೋಗುವ ನಿಮ್ಮನ್ನು ನೋಡುತ್ತಲೇ ನನ್ನ ತಲೆ ನರೆತಿದೆ. ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದ್ದು 1987ರಲ್ಲಿ. ಅಂದಿನ ಹುಡುಗರೂ ತಿಂಡಿ ಬಿಟ್ಟು ಕ್ಲಾಸಿಗೆ ಓಡುತ್ತಿದ್ದರು, ನೀವೂ ಓಡುತ್ತೀರಿ. ಒಂದೇ ವ್ಯತ್ಯಾಸ: ಅವರು ಹಸಿದುಕೊಂಡು ಓಡುತ್ತಿದ್ದರು, ನೀವು ಚಿಪ್ಸ್ ಪೊಟ್ಟಣ ಹಿಡಿದು ಓಡುತ್ತೀರಿ.

ಬೈಯಲು ಕೂತಿಲ್ಲ. ನಾನೇನು ಸಾಚಾ ಅಲ್ಲ. ದುಡಿಯುವ ಕಾಲದಲ್ಲಿ ದಿನಕ್ಕೆ ಆರು ಲೋಟ ಸಕ್ಕರೆ ಚಹಾ, ಸಂಜೆ ಮೆಣಸಿನಕಾಯಿ ಬಜ್ಜಿ, ರಾತ್ರಿ ಹತ್ತಕ್ಕೆ ಊಟ. ನಲವತ್ತಾರಕ್ಕೆ ಸಕ್ಕರೆ ಕಾಯಿಲೆ ಮನೆಗೆ ಬಂತು. ಬಂದ ನೆಂಟ ಇನ್ನೂ ಹೋಗಿಲ್ಲ.

ನನ್ನಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಪಾಳಿ ಯಾವುದಿದ್ದರೂ ಬುತ್ತಿ ತಪ್ಪುತ್ತಿರಲಿಲ್ಲ: ಅಕ್ಕಿರೊಟ್ಟಿ, ಹುರುಳಿಕಾಳಿನ ಪಲ್ಯ, ಸಣ್ಣ ಸೀಸೆಯಲ್ಲಿ ಮಜ್ಜಿಗೆ. ಅವರಿಗೆ ಪೌಷ್ಟಿಕಾಂಶ ಎಂಬ ಪದವೇ ಗೊತ್ತಿರಲಿಲ್ಲ. ಹಸಿವಾದಾಗ ಕೈಗೆ ಸಿಗುತ್ತಿದ್ದದ್ದು ಆ ಬುತ್ತಿ, ಅಷ್ಟೇ. ನನ್ನ ಕೈಗೆ ಸಿಕ್ಕಿದ್ದು ಬಜ್ಜಿ ಅಂಗಡಿ. ನಾನು ಹೇಳಬೇಕೆಂದಿರುವುದೂ ಇಷ್ಟೇ. ನಾಳೆಯಿಂದ ಪಥ್ಯ ಎಂದು ಶಪಥ ಮಾಡಬೇಡಿ, ಅದು ಶನಿವಾರದವರೆಗೂ ನಿಲ್ಲುವುದಿಲ್ಲ. ಕೈಗೆಟುಕುವ ಜಾಗದಲ್ಲಿ ಏನಿದೆ ಅನ್ನುವುದನ್ನು ಮಾತ್ರ ಬದಲಾಯಿಸಿ.

ರೂಮಿನಲ್ಲಿ ಒಂದು ಡಬ್ಬಿ ಇಡಿ. ಹುರಿದ ಕಡಲೆಕಾಯಿ, ಹುರಿಗಡಲೆ, ಒಂದು ಅಚ್ಚು ಬೆಲ್ಲ. ಪಕ್ಕದಲ್ಲಿ ನಾಲ್ಕು ಬಾಳೆಹಣ್ಣು. ಬೆಲ್ಲ ಸಕ್ಕರೆಗಿಂತ ಸಾಧು ಎಂದುಕೊಂಡು ಮುಕ್ಕಬೇಡಿ, ದೇಹಕ್ಕೆ ಎರಡೂ ಹತ್ತಿರದ ದಾಯಾದಿಗಳೇ. ಕಾಲು ಲೀಟರ್ ಕೋಲಾದಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನವಿಡೀ ಇಷ್ಟರೊಳಗಿದ್ದರೆ ಒಳ್ಳೆಯದು ಎನ್ನುವ ಪ್ರಮಾಣವೇ ಅದು. ಉಪ್ಪಿಗೂ ಅವರದೊಂದು ಗೆರೆ ಇದೆ, ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ. ರಾತ್ರಿ ಕೆಟಲಿನಲ್ಲಿ ನೂಡಲ್ಸ್ ಬೇಯಿಸುವಾಗ ಮಸಾಲೆ ಪುಡಿಯನ್ನು ಅರ್ಧ ಮಾತ್ರ ಸುರಿಯಿರಿ. ರುಚಿ ಹೋಗುವುದಿಲ್ಲ, ನಾನು ನೋಡಿದ್ದೇನೆ.

ಮೆಸ್ಸಿನಲ್ಲಿ ರಾಗಿಮುದ್ದೆ ಮಾಡಿದ ದಿನ ಮೂಗು ಮುರಿಯುವ ಮಲೆನಾಡಿನ ಮಕ್ಕಳಿಗೆ ಒಂದು ಮಾತು. ನಾನೂ ಅನ್ನದವನೇ, ಮುದ್ದೆ ನುಂಗಲು ಕಲಿತದ್ದು ಚಿತ್ರದುರ್ಗದ ಕಡೆಯ ಗೆಳೆಯನಿಂದ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ವ ಇದೆ. ಪಾಲಿಶ್ ಅಕ್ಕಿಯಲ್ಲಿ ಹತ್ತೂ ಇರುವುದು ಅನುಮಾನ. ಮೂಳೆ ಗಟ್ಟಿಯಾಗುವ ವಯಸ್ಸು ನಿಮ್ಮದು. ಬಯಲುಸೀಮೆಯವರೇ, ನಿಮಗೂ ಇದೆ: ಒಂದೆಲಗದ ತಂಬುಳಿ, ಕೆಸುವಿನ ಪತ್ರೊಡೆ ಸಿಕ್ಕಾಗ ಬಿಡಬೇಡಿ.

ಹೆಣ್ಣುಮಕ್ಕಳಿಗೆ ಬೇರೆಯಾಗಿ ಹೇಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಊಟ ಮುಗಿಯುತ್ತಿದ್ದಂತೆ ಚಹಾ ಕುಡಿದರೆ ಸೊಪ್ಪು-ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ತಡೆಯಿರಿ. ಸಾರಿಗೆ ನಿಂಬೆಹುಳಿ ಹಿಂಡಿಕೊಂಡರೆ ಅದೇ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ತೆಳ್ಳಗಾಗಬೇಕೆಂದು ರಾತ್ರಿಯೂಟ ಬಿಟ್ಟು ಹನ್ನೊಂದಕ್ಕೆ ಬಿಸ್ಕತ್ತು ಹುಡುಕುವುದು ಯಾವ ಲೆಕ್ಕದ ಜಾಣತನವೋ ನನಗೆ ತಿಳಿಯದು.

ಪಾನಿಪುರಿ ತಿನ್ನಿ, ಬೇಡವೆಂದರೆ ನೀವು ಬಿಡುತ್ತೀರಾ? ಹೊಟ್ಟೆ ತುಂಬಿಸಿಕೊಳ್ಳಲು ತಿನ್ನಬೇಡಿ, ಗೆಳೆಯರ ಜೊತೆ ನಗಲು ತಿನ್ನಿ.

ಭಾನುವಾರ ಭದ್ರಾವತಿಗೆ ಹೋದವರು ಮೊದಲು ಡಬ್ಬಿ ಕೊಳ್ಳಿ, ಕಡಲೆಕಾಯಿ ಆಮೇಲೆ. ಮುಚ್ಚಳ ಬಿಗಿಯಾಗಿರಲಿ, ಇಲ್ಲಿನ ಮಳೆಗಾಲಕ್ಕೆ ಕಡಲೆಕಾಯಿ ಬೇಗ ಬೂಷ್ಟು ಹಿಡಿಯುತ್ತದೆ. ಬೂಷ್ಟು ಬಂದದ್ದನ್ನು ಒರೆಸಿ ತಿನ್ನಬೇಡಿ, ಎಸೆದುಬಿಡಿ.