ಏರ್ ಫ್ರೈಯರ್ ಕೊಳ್ಳುವ ಮುಂಚೆ ಒಂದು ತಿಂಗಳ ಲೆಕ್ಕ

ತಂಗೀ, ಏರ್ ಫ್ರೈಯರ್ ತಗೊಳ್ಳಲೋ ಬೇಡವೋ ಎಂದು ಕೇಳಿದ್ದೀಯ. ಒಂದೇ ಮಾತಿನಲ್ಲಿ ತಗೋ ಅಥವಾ ಬೇಡ ಎಂದುಬಿಟ್ಟರೆ ನನ್ನ ಮನೆಯ ಉತ್ತರವನ್ನು ನಿನ್ನ ಮನೆಗೆ ಹೊರಿಸಿದ ಹಾಗಾಗುತ್ತದೆ. ನಮ್ಮೂರು ಕುಪ್ಪಗಡ್ಡೆಯನ್ನೇ ನೋಡು. ಒಂದು ಮನೆಯಲ್ಲಿ ಗಂಡ, ಹೆಂಡತಿ, ಒಂದು ಮಗು. ಪಕ್ಕದ ಮನೆಯಲ್ಲಿ ಎಂಟು ಹತ್ತು ಜನ, ಅಡಿಕೆ ಸುಲಿಯುವ ಕಾಲದಲ್ಲಿ ಕೆಲಸಕ್ಕೆ ಬಂದವರಿಗೂ ಅಲ್ಲೇ ತಿಂಡಿ. ಈ ಎರಡು ಮನೆಗೂ ಒಂದೇ ಉತ್ತರ ಹೊಂದುವುದಿಲ್ಲ.

ಅದಕ್ಕೇ ಮೊದಲು ಒಂದು ಕೆಲಸ ಮಾಡು. ಒಂದು ತಿಂಗಳು, ಬಾಣಲೆಗೆ ಎಣ್ಣೆ ಸುರಿದು ಕರಿದ ದಿನಗಳಲ್ಲೆಲ್ಲ ಏನು ಕರಿದೆ ಎಂಬುದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿನ ಚೌಕದಲ್ಲೇ ಬರೆದಿಡು. ಬಜ್ಜಿಯೋ, ಹಪ್ಪಳವೋ, ಮೀನೋ, ಮಕ್ಕಳಿಗೆ ಆಲೂಗಡ್ಡೆಯೋ, ಒಂದೊಂದೇ ಪದ ಸಾಕು. ತಿಂಗಳ ಕೊನೆಗೆ ಅಂಗಡಿಯವನನ್ನೂ ಕೇಳಬೇಕಿಲ್ಲ, ನನ್ನನ್ನೂ ಕೇಳಬೇಕಿಲ್ಲ, ಆ ಪಟ್ಟಿಯೇ ಉತ್ತರ ಹೇಳುತ್ತದೆ.

ಆ ಪಟ್ಟಿಯನ್ನು ಓದುವುದು ಹೇಗೆಂದು ಹೇಳುತ್ತೇನೆ. ಅದಕ್ಕೆ ಈ ಯಂತ್ರ ಏನು ಮಾಡುತ್ತದೆ ಎಂಬುದು ತಿಳಿದಿರಬೇಕು. ಹೆಸರಿನಲ್ಲಿ ಕರಿಯುವ ಮಾತಿದ್ದರೂ ಅದು ಕರಿಯುವುದಿಲ್ಲ. ಮೇಲೆ ಕಾಯುವ ಕಾಯಿಲ್, ಅದರ ಹಿಂದೆ ಫ್ಯಾನ್, ಕೆಳಗೆ ತೂತಿನ ಬುಟ್ಟಿ. 200 ಡಿಗ್ರಿವರೆಗೆ ಕಾದ ಗಾಳಿ ಬುಟ್ಟಿಯ ಸುತ್ತ ಜೋರಾಗಿ ಸುತ್ತಿ, ಪದಾರ್ಥದ ಮೇಲಿನ ನೀರಿನಂಶ ಒಣಗಿಸಿ ಕೆಂಪಗೆ ಮಾಡುತ್ತದೆ. ಬೇಕರಿ ಒಲೆಯ ಮರಿ ಎಂದುಕೋ. ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್ನಿನ ಮೇಳದಲ್ಲಿ ಇದನ್ನು ಮೊದಲು ತೋರಿಸಿದಾಗ ಅವರ ಕಣ್ಣ ಮುಂದಿದ್ದದ್ದು ಆಲೂಗಡ್ಡೆಯ ಉದ್ದುದ್ದ ಹೋಳು. ನಮ್ಮ ಹೀರೇಕಾಯಿ ಬಜ್ಜಿ ಅವರ ಲೆಕ್ಕದಲ್ಲಿ ಇರಲಿಲ್ಲ. ಇಷ್ಟು ತಿಳಿದರೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ತಾನಾಗಿ ಗೊತ್ತಾಗುತ್ತದೆ.

ನಿನ್ನ ಪಟ್ಟಿಯಲ್ಲಿರುವುದನ್ನು ಮೂರು ಗುಂಪು ಮಾಡು.

ಮೊದಲನೆಯದು ಹಿಟ್ಟಿನಲ್ಲಿ ಅದ್ದಿಯೋ, ಹಿಟ್ಟು ತಟ್ಟಿಯೋ ಎಣ್ಣೆಗೆ ಬಿಡುವಂಥವು. ಬಜ್ಜಿ, ಬೋಂಡ, ಆನವಟ್ಟಿ ಕಡೆಯ ಮಿರ್ಚಿ, ದೊಡ್ಡಹಬ್ಬದ ಹೋಳಿಗೆ ಜೊತೆಗಿನ ಅಂಬೊಡೆ, ಅತ್ರಾಸ. ಇವಕ್ಕೆ ಎಣ್ಣೆಯೇ ಬೇಕು. ತೆಳು ಹಿಟ್ಟು ಬುಟ್ಟಿಯ ತೂತಿನಿಂದ ಸೋರಿ ತಳ ಹಿಡಿಯುತ್ತದೆ. ಪೂರಿ ಉಬ್ಬುವುದು, ಅತ್ರಾಸ ಅಂಚು ಬಿಡುವುದು ಕಾದ ಎಣ್ಣೆ ಒಮ್ಮೆಗೇ ಎಲ್ಲ ಕಡೆಯಿಂದ ಮುತ್ತಿಕೊಳ್ಳುವುದರಿಂದ. ಗಾಳಿಗೆ ಆ ಬಲವಿಲ್ಲ. ನಿನ್ನ ಮನೆಯಲ್ಲಿ ಕರಿಯುವುದೆಲ್ಲ ಬರೀ ಈ ಗುಂಪಿನದ್ದೇ ಆದರೆ ಯೋಚನೆಯನ್ನು ಇಲ್ಲಿಗೇ ಬಿಡು, ದುಡ್ಡು ಉಳಿಯಿತು.

ಎರಡನೆಯದು ಒಣಗಿಸಿ ಡಬ್ಬಿಯಲ್ಲಿಟ್ಟ ತೆಳು ಪದಾರ್ಥ. ಹಲಸಿನ ಹಪ್ಪಳ, ಅಕ್ಕಿ ಹಪ್ಪಳ, ಸಂಡಿಗೆ, ಬಾಳಕದ ಮೆಣಸು. ಇವನ್ನು ಯಂತ್ರದಲ್ಲಿ ಮಾಡಬಹುದು. ಆದರೆ ಹಗುರವಾದ ಹಪ್ಪಳ ಫ್ಯಾನಿನ ಗಾಳಿಗೆ ಎದ್ದು ಕಾಯಿಲಿಗೆ ತಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಮೇಲೊಂದು ಜಾಲರಿ ಇಡಬೇಕು, ಒಮ್ಮೆಗೆ ಒಂದೋ ಎರಡೋ. ಬಚ್ಚಲೊಲೆ ಉರಿಸುವ ಮನೆಯಲ್ಲಿ ಸಂಜೆ ಕೆಂಡ ಹೇಗೂ ಇರುತ್ತದೆ. ಹಲಸಿನ ಹಪ್ಪಳವನ್ನು ಆ ಕೆಂಡದ ಮೇಲೆ ತಿರುಗಿಸಿ ತಿರುಗಿಸಿ ಸುಟ್ಟು, ಬೇಕಾದವರು ಒಂದು ಹನಿ ಕೊಬ್ಬರಿ ಎಣ್ಣೆ ಸವರಿಕೊಳ್ಳಲಿ. ಕರೆಂಟೂ ಬೇಡ, ದುಡ್ಡೂ ಬೇಡ.

ಮೂರನೆಯ ಗುಂಪಿನಲ್ಲೇ ಯಂತ್ರದ ನಿಜವಾದ ಕೆಲಸ. ಸುವರ್ಣಗಡ್ಡೆಯ ಬಿಲ್ಲೆ, ಹಾಗಲಕಾಯಿ ಹೋಳು, ಬೆಂಡೆಕಾಯಿ, ಬಾಳೆಕಾಯಿ, ಮಸಾಲೆ ರವೆ ಹಚ್ಚಿದ ಮೀನು, ಕೋಳಿ ಕಬಾಬ್, ಗೊಜ್ಜಿಗೆ ಸುಡುವ ಬದನೆಕಾಯಿ, ಶೇಂಗಾ ಹುರಿಯುವುದು, ಹಬೆಯಲ್ಲಿ ಬೇಯಿಸಿಟ್ಟ ಪತ್ರೊಡೆಯನ್ನು ಗರಿ ಮಾಡುವುದು. ಒಂದೆರಡು ಚಮಚ ಎಣ್ಣೆ ಸವರಿ ಇಟ್ಟರೆ ಚೆನ್ನಾಗಿ ಬರುತ್ತದೆ. ಆಲೂಗಡ್ಡೆಯೂ ಇದೇ ಗುಂಪು. ಅದನ್ನು ಮಾತ್ರ ಅರ್ಧ ಗಂಟೆ ನೀರಲ್ಲಿ ನೆನೆಸಿ, ಒರೆಸಿ ಹಾಕು, ಹೊಂಬಣ್ಣಕ್ಕೆ ತೆಗೆ. ಪಿಷ್ಟ ಜಾಸ್ತಿ ಇರುವುದನ್ನು ಹೆಚ್ಚು ಕಾವಿನಲ್ಲಿ ಬೇಯಿಸಿದರೆ ಅಕ್ರಿಲಮೈಡ್ ಎಂಬ ಕೆಟ್ಟ ಪದಾರ್ಥ ಹುಟ್ಟುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಕಂಡುಕೊಂಡರು. ಎಣ್ಣೆ ಇಲ್ಲ ಎಂಬ ಧೈರ್ಯದ ಮೇಲೆ ಕರಕಲು ಮಾಡಬಾರದು.

ಈ ಮೂರನೆಯ ಗುಂಪು ನಿನ್ನ ಕ್ಯಾಲೆಂಡರಿನಲ್ಲಿ ವಾರಕ್ಕೆ ಎರಡು ಮೂರು ಸಲವಾದರೂ ಬಂದಿದ್ದರೆ ಕೊಳ್ಳುವ ವಿಚಾರ ಮುಂದುವರಿಸು. ತಿಂಗಳಿಗೆ ಎರಡು ಸಲ ಬಂದಿದ್ದರೆ ಯಂತ್ರ ಅಟ್ಟಕ್ಕೆ ಹೋಗುತ್ತದೆ.

ಎಣ್ಣೆಯ ವಿಷಯ. ಜಾಹೀರಾತಿನಲ್ಲಿ ಎಣ್ಣೆ ಇಷ್ಟು ಪಾಲು ಕಡಿಮೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಅದು ಆ ಒಂದು ತಿಂಡಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದಕ್ಕೆ ಹೋಲಿಸಿದ ಲೆಕ್ಕ, ನಿನ್ನ ಮನೆಯ ಇಡೀ ತಿಂಗಳ ಎಣ್ಣೆಯ ಲೆಕ್ಕ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿ ಉಣ್ಣುವ ಒಬ್ಬರಿಗೆ ದಿನಕ್ಕೆ 27 ಗ್ರಾಂ ಎಣ್ಣೆ-ಕೊಬ್ಬು ಎಂದಿದೆ. ನಾಲ್ಕು ಜನರ ಮನೆಗೆ ಗುಣಿಸಿ ನೋಡು, ತುಪ್ಪವೂ ಸೇರಿ ತಿಂಗಳಿಗೆ ಸುಮಾರು ಮೂರೂವರೆ ಲೀಟರ್. ನಿನ್ನ ಮನೆಗೆ ಐದು ಲೀಟರ್ ಬರುತ್ತಿದ್ದರೆ ಉಳಿದದ್ದು ಎಲ್ಲಿ ಹೋಗುತ್ತಿದೆ ಎಂದು ಹುಡುಕು. ಕರಿಯುವುದಕ್ಕೋ, ದಿನಾ ಪಲ್ಯ, ಚಿತ್ರಾನ್ನ, ದೋಸೆ ಕಾವಲಿಗೆ ಕೈತುಂಬ ಸುರಿಯುವುದಕ್ಕೋ? ಒಗ್ಗರಣೆಯಲ್ಲಿ ಹೋಗುತ್ತಿದ್ದರೆ ಯಾವ ಯಂತ್ರವೂ ತಡೆಯುವುದಿಲ್ಲ. ಎಣ್ಣೆ ಡಬ್ಬಿಯಲ್ಲಿ ಒಂದು ಅಳತೆ ಚಮಚ ಹಾಕಿಟ್ಟರೆ ಅದು ತಡೆಯುತ್ತದೆ.

ಎಣ್ಣೆಯ ವಿಷಯದಲ್ಲಿ ಒಂದು ಲಾಭವನ್ನು ಮಾತ್ರ ನಾನು ಒಪ್ಪುತ್ತೇನೆ. ಕರಿದು ಉಳಿದ ಎಣ್ಣೆಯನ್ನು ಬಟ್ಟಲಲ್ಲಿಟ್ಟು, ಮತ್ತೆ ಮತ್ತೆ ಕಾಯಿಸಿ ಕರಿಯುವುದು ನಮ್ಮಲ್ಲಿ ಎಲ್ಲ ಮನೆಯ ರೂಢಿ. ಕಾದಷ್ಟೂ ಎಣ್ಣೆ ಕೆಡುತ್ತದೆ. ಕೆಟ್ಟ ಅಂಶ ನೂರಕ್ಕೆ 25 ಮೀರಿದ ಎಣ್ಣೆಯನ್ನು ಬಳಸಬಾರದೆಂದು ಹೋಟೆಲಿನವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದ ನಿಯಮ ಮಾಡಿದೆ. ಮನೆಯಲ್ಲಿ ಅಳೆಯುವವರು ಯಾರು? ಯಂತ್ರದಲ್ಲಿ ಎಣ್ಣೆ ಉಳಿಯುವುದೇ ಇಲ್ಲ. ಅತ್ತೆಗೋ ಮಾವನಿಗೋ ಎದೆಯ ತೊಂದರೆಯಿದ್ದು, ಡಾಕ್ಟರು ಕರಿದದ್ದು ಬೇಡ ಎಂದಿದ್ದರೆ ಈ ಮಾತಿಗೆ ತೂಕ ಜಾಸ್ತಿ.

ಇನ್ನು ಕರೆಂಟು. ಯಂತ್ರ ಸಾಮಾನ್ಯವಾಗಿ 1,200ರಿಂದ 1,700 ವಾಟಿನದು. 1,500 ವಾಟಿನದನ್ನು ದಿನಾ 20 ನಿಮಿಷ ಹಾಕಿದರೆ ಅರ್ಧ ಯೂನಿಟ್, ತಿಂಗಳಿಗೆ 15 ಯೂನಿಟ್. ಸರ್ಕಾರದ ಗೃಹಜ್ಯೋತಿ ಯೋಜನೆ ಇದೆಯಲ್ಲ ಎಂದುಕೊಳ್ಳಬೇಡ. ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಲ್ಲ. 2022-23ರಲ್ಲಿ ನಿನ್ನ ಮನೆ ಸರಾಸರಿ ಎಷ್ಟು ಉರಿಸಿತ್ತೋ ಅದರ ಮೇಲೆ ನೂರಕ್ಕೆ ಹತ್ತು ಜಾಸ್ತಿ, ಅಷ್ಟೇ. 48 ಯೂನಿಟ್‌ಗಿಂತ ಕಡಿಮೆ ಉರಿಸುತ್ತಿದ್ದ ಮನೆಗೆ 10 ಯೂನಿಟ್ ಸೇರಿಸಿ ಕೊಡುತ್ತಾರೆ. ಸರಾಸರಿ 60 ಇದ್ದವರಿಗೆ 66 ಸಿಗುತ್ತದೆ. ಅದನ್ನು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು. 15 ಯೂನಿಟ್ಟೂ ಮೀರಿದರೂ ನೂರು ರೂಪಾಯಿ ಆಜುಬಾಜು, ಹೆದರುವಂಥದ್ದಲ್ಲ. ಆದರೆ ಈಗಾಗಲೇ 190ರ ಹತ್ತಿರ ಇರುವ ಮನೆ ಎಚ್ಚರವಾಗಿರಬೇಕು, 200 ದಾಟಿದರೆ ಆ ತಿಂಗಳ ಪೂರಾ ಬಿಲ್ಲು ಕಟ್ಟಬೇಕಾಗುತ್ತದೆ. ಮೆಸ್ಕಾಂ ಬಿಲ್ಲುಗಳನ್ನು ಒಂದು ವರ್ಷದ್ದು ಜೋಡಿಸಿಟ್ಟು ನೋಡಿಕೋ.

ದುಡ್ಡಿಗಿಂತ ದೊಡ್ಡ ವಿಷಯ ವೈರಿಂಗು. 1,500 ವಾಟ್ ಎಂದರೆ ಆರೂವರೆ ಆಂಪಿಯರ್. ಮೊಬೈಲ್ ಚಾರ್ಜ್ ಮಾಡುವ ಚಿಕ್ಕ ಪ್ಲಗ್ಗು ಅದನ್ನು ತಡೆಯುವುದಿಲ್ಲ, ಎಕ್ಸ್‌ಟೆನ್ಷನ್ ಬೋರ್ಡಿಗಂತೂ ಹಾಕಲೇಬಾರದು. ಹಳೆಯ ಮನೆಗಳಲ್ಲಿ ಅಡುಗೆಮನೆಗೆ ಒಂದೇ ದೀಪದ ಲೈನು ಇರುತ್ತದೆ, ಅರ್ತಿಂಗ್ ಇರುವುದೇ ಇಲ್ಲ. ಲೈಸೆನ್ಸ್ ಇರುವ ವೈರ್‌ಮನ್ ಕರೆಸಿ ಅರ್ತಿಂಗ್ ಸಮೇತ 16 ಆಂಪಿಯರ್ ಪವರ್ ಪ್ಲಗ್ ಹಾಕಿಸಿ ಆಮೇಲೆ ಯಂತ್ರ ತಾ. ಆ ಖರ್ಚನ್ನೂ ಯಂತ್ರದ ಬೆಲೆಗೆ ಸೇರಿಸು. ಮಳೆಗಾಲದ ನಮ್ಮ ಕರೆಂಟು ನಿನಗೆ ಗೊತ್ತಲ್ಲ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಕಾವು ನೂರರಲ್ಲಿ ಅರವತ್ತಕ್ಕೆ ಇಳಿಯುತ್ತದೆ, ಹದಿನೈದು ನಿಮಿಷದ ಕೆಲಸ ಅರ್ಧ ಗಂಟೆ ಎಳೆಯುತ್ತದೆ. ಮನೆಯ ಇನ್ವರ್ಟರು ಇದನ್ನು ಓಡಿಸುವುದಿಲ್ಲ.

ಅಳತೆಯನ್ನೂ ಮರೆಯಬೇಡ. ನಾಲ್ಕು ಲೀಟರ್ ಬುಟ್ಟಿ ಎಂದರೆ ಮೂರು ಜನಕ್ಕೆ ಸರಿ. ಗಾಳಿ ಆಡಬೇಕಾದ್ದರಿಂದ ಒಂದರ ಮೇಲೊಂದು ಪೇರಿಸುವಂತಿಲ್ಲ. ಊರೆಲ್ಲ ಸೇರಿ ಮೀನು ಹಿಡಿಯುವ ಕೆರೆಬೇಟೆಯ ದಿನ ಬುಟ್ಟಿ ತುಂಬ ಮೀನು ಬಂದರೆ, ಎಂಟು ಜನಕ್ಕೆ ಕಾವಲಿಯೇ ಗತಿ.

ಇಷ್ಟು ಹೇಳಿದ್ದಕ್ಕೆ ನಾನು ಬೇಡ ಎನ್ನುತ್ತಿದ್ದೇನೆ ಎಂದು ತಿಳಿಯಬೇಡ. ಅಡಿಕೆ ಕೊಯ್ಲಿನ ಕಾಲದಲ್ಲಿ ಮನೆಯ ಹೆಂಗಸು ಎಷ್ಟು ಹೊತ್ತಿಗೆ ಏಳುತ್ತಾಳೆ, ಎಷ್ಟು ಹೊತ್ತಿಗೆ ಮಲಗುತ್ತಾಳೆ ಎಂದು ನಾನು ಬಲ್ಲೆ. ಮೀನು ಇಟ್ಟು, ಟೈಮರ್ ತಿರುಗಿಸಿ, ದನಕ್ಕೆ ಹುಲ್ಲು ಹಾಕಿ ಬರುವಷ್ಟರಲ್ಲಿ ಅದು ತಾನೇ ಆರಿರುತ್ತದೆ. ಕಾದ ಎಣ್ಣೆಯ ಎದುರು ನಿಲ್ಲಬೇಕಿಲ್ಲ, ಓಡಾಡುವ ಮಗುವಿನ ಮೇಲೆ ಎಣ್ಣೆ ಬಿದ್ದೀತೆಂಬ ಭಯವಿಲ್ಲ. ಈ ಬಿಡುವಿಗೆ ಬೆಲೆಯಿದೆ. ಗಂಡಸರು ಬೈಕ್ ಬದಲಾಯಿಸುವಾಗ ಯಾರೂ ಇಷ್ಟು ಲೆಕ್ಕ ಕೇಳುವುದಿಲ್ಲ. ಅಡುಗೆಮನೆಯ ಕೈ ಹಗುರ ಮಾಡುವ ವಸ್ತುವಿಗೆ ಮಾತ್ರ ನೂರೆಂಟು ಪ್ರಶ್ನೆ ಎಂಬುದು ನ್ಯಾಯವಲ್ಲ. ಹಾಗಾಗಿ ನಿನ್ನ ಪಟ್ಟಿ ಮಾಡುವಾಗ ಕರಿದ ದಿನ ಒಲೆ ಮುಂದೆ ಎಷ್ಟು ಹೊತ್ತು ನಿಂತೆ ಎಂಬುದನ್ನೂ ಬರೆ, ಮನೆಯವರಿಗೆ ತೋರಿಸು.

ನನ್ನ ಅಭಿಪ್ರಾಯ ಇಷ್ಟು. ಮೂರು ನಾಲ್ಕು ಜನರ ಮನೆ, ಪಟ್ಟಿಯಲ್ಲಿ ಮೂರನೆಯ ಗುಂಪು ಜಾಸ್ತಿ, ಪವರ್ ಪ್ಲಗ್ ಇದೆ, ಒಬ್ಬರಿಗಾದರೂ ಕರಿದದ್ದು ವರ್ಜ್ಯ ಎಂದಾದರೆ ತಗೋ. ಮನೆ ತುಂಬ ಜನ, ಬಜ್ಜಿಯೇ ಹೆಚ್ಚು, ಕರೆಂಟು ನೆಚ್ಚುವಂತಿಲ್ಲ ಎಂದಾದರೆ ಯಂತ್ರಕ್ಕೆ ಹಾಕುವ ಆರೇಳು ಸಾವಿರಕ್ಕೆ ದಪ್ಪ ತಳದ ಒಳ್ಳೆಯ ಕಬ್ಬಿಣದ ಕಾವಲಿ, ಒಂದು ಮಿಕ್ಸಿ ತಗೋ. ಸಾಲ ಮಾಡಿ, ಕಂತು ಕಟ್ಟಿ ಮಾತ್ರ ತರಬೇಡ.

ತಗೊಳ್ಳುವುದೇ ಆದರೆ ಸೊರಬದಲ್ಲೋ ಶಿಕಾರಿಪುರದಲ್ಲೋ ಪರಿಚಯದ ಅಂಗಡಿಯಲ್ಲಿ ತಗೋ. ಕೆಟ್ಟರೆ ರಿಪೇರಿ ಎಲ್ಲಿ, ಬುಟ್ಟಿ ಬೇರೆ ಸಿಗುತ್ತದಾ ಎಂದು ಮೊದಲೇ ಕೇಳು, ವಾರಂಟಿ ಕಾರ್ಡಿಗೆ ಸೀಲು ಹಾಕಿಸು. ಬುಟ್ಟಿಯ ಕರಿ ಲೇಪನಕ್ಕೆ ಕಬ್ಬಿಣದ ಸೌಟು, ತಂತಿ ಬ್ರಷ್ಷು ಮುಟ್ಟಿಸಬೇಡ. ಗೋಡೆಯಿಂದ ಒಂದು ಗೇಣು ದೂರ ಇಡು, ಹಿಂದಿನಿಂದ ಬಿಸಿಗಾಳಿ ಬರುತ್ತದೆ. ಕೊಂಡ ಮೇಲೂ ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಬರೆಯುವುದನ್ನು ಬಿಡಬೇಡ, ಎಣ್ಣೆ ಎಷ್ಟು ಲೀಟರ್ ಬಂತು ಎಂಬುದನ್ನೂ ಸೇರಿಸು. ಎಣ್ಣೆ ಇಳಿದಿದ್ದರೆ, ನಿನಗೆ ದಿನಕ್ಕೆ ಅರ್ಧ ಗಂಟೆ ಕೂರಲು ಸಿಕ್ಕಿದ್ದರೆ, ಕೊಟ್ಟ ದುಡ್ಡು ದಕ್ಕಿತು. ಎರಡೂ ಆಗದಿದ್ದರೆ ಪೇಟೆಯಲ್ಲಿ ಒಂಟಿಯಾಗಿ ಅಡುಗೆ ಮಾಡಿಕೊಂಡಿರುವ ನಮ್ಮ ಮಕ್ಕಳು ಬೇಕಾದಷ್ಟಿದ್ದಾರೆ, ಅಂಥವರಿಗೆ ಕೊಟ್ಟುಬಿಡು, ಅಲ್ಲಿ ಅದು ದಿನಾ ಕೆಲಸ ಮಾಡುತ್ತದೆ.