ರಕ್ತ ಎಲ್ಲಿ ಸೋರುತ್ತಿದೆ ಅಂತ ಕೇಳಿದಿರಾ?



ರಕ್ತಹೀನತೆ ಎಂದ ಕೂಡಲೇ ನಮಗೆ ನೆನಪಾಗುವುದು ಗರ್ಭಿಣಿಯರು, ಬಾಣಂತಿಯರು, ಹೈಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳು. ಅದು ಸರಿಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ. ಆದರೆ ಇವತ್ತಿನ ಪಾಠ ಅವರ ಬಗ್ಗೆ ಅಲ್ಲ. ಮುಟ್ಟು ನಿಂತು ಹತ್ತು ವರ್ಷವಾದ ಅತ್ತೆ, ಅರವತ್ತು ದಾಟಿದ ಅಪ್ಪ, ಹೊಲದ ಕೆಲಸ ಮಾಡಿಕೊಂಡು ಗಟ್ಟಿಮುಟ್ಟಾಗಿದ್ದ ಗಂಡ, ಇವರ ಬಗ್ಗೆ.

ಇವರಿಗೆ ಮುಟ್ಟಿಲ್ಲ, ಹೆರಿಗೆಯಿಲ್ಲ. ಹಾಗಿದ್ದ ಮೇಲೆ ರಕ್ತ ಕಡಿಮೆ ಆಗುವುದು ಯಾಕೆ? ಈ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. "ವಯಸ್ಸಾಯ್ತಲ್ಲ, ಸುಸ್ತು ಇದ್ದೇ ಇರುತ್ತೆ" ಅಂತ ಬಿಟ್ಟುಬಿಡುತ್ತೇವೆ. ವಯಸ್ಸಾದ ಮಾತ್ರಕ್ಕೆ ರಕ್ತ ಕಡಿಮೆಯಾಗುವುದಿಲ್ಲ. ಕಾರಣ ಇದ್ದೇ ಇರುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ನಾವು ಉಣ್ಣುವ ಊಟದಿಂದ ದೇಹ ದಿನಕ್ಕೆ ಹೀರಿಕೊಳ್ಳುವ ಕಬ್ಬಿಣಾಂಶ 1ರಿಂದ 2 ಮಿಲಿಗ್ರಾಂ ಮಾತ್ರ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ಕರುಳಿನೊಳಗೆ ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ರಕ್ತ ಸೋರಿದರೆ ಎರಡೂವರೆ ಮಿಲಿಗ್ರಾಂ ಹೋಯಿತು. ಬರುವುದಕ್ಕಿಂತ ಹೋಗುವುದೇ ಹೆಚ್ಚು. ಸಂಘದ ಲೆಕ್ಕ ಬರೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ: ಉಳಿತಾಯ ಕರಗುತ್ತಾ ಹೋಗಿ ಒಂದು ದಿನ ಪಾಸ್ ಬುಕ್ ಖಾಲಿ. ಒಂದು ಚಮಚ ರಕ್ತ ಮಲದ ಜೊತೆ ಬೆರೆತು ಹೋದರೆ ಕಣ್ಣಿಗೆ ಕಾಣುವುದೂ ಇಲ್ಲ.

ದೊಡ್ಡ ಕರುಳಿನ ಕ್ಯಾನ್ಸರ್ ಎಷ್ಟೋ ಸಲ ಹೀಗೆಯೇ ಶುರುವಾಗುತ್ತದೆ. ಗಡ್ಡೆ ಕರುಳಿನ ಎಡಭಾಗದಲ್ಲೋ ಗುದದ್ವಾರದ ಹತ್ತಿರವೋ ಇದ್ದರೆ ರಕ್ತ ಕಾಣಿಸಬಹುದು, ಮಲಬದ್ಧತೆ ಬರಬಹುದು. ಬಲಭಾಗದಲ್ಲಿದ್ದರೆ ಹಾಗಲ್ಲ. ಅಲ್ಲಿ ಕರುಳು ಅಗಲ, ಮಲವೂ ಇನ್ನೂ ನೀರಾಗಿರುತ್ತದೆ. ಗಡ್ಡೆ ಬೆಳೆದರೂ ದಾರಿ ಕಟ್ಟಿಕೊಳ್ಳುವುದಿಲ್ಲ, ನೋವೂ ಇರುವುದಿಲ್ಲ. ತಿಂಗಳುಗಟ್ಟಲೆ ರಕ್ತ ಒಸರುತ್ತಿರುತ್ತದೆ, ಅಷ್ಟೇ. ಹೊರಗೆ ಕಾಣುವ ಮೊದಲ ಗುರುತು ಸುಸ್ತು: ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಗುಟ್ಟುವುದು, ತಲೆ ತಿರುಗುವುದು, ಮುಖ ಬಿಳಿಚಿಕೊಳ್ಳುವುದು. ಕೆಲವರಿಗೆ ಮಣ್ಣು, ಹಸಿ ಅಕ್ಕಿ ತಿನ್ನಬೇಕು ಅನಿಸುತ್ತದೆ. ರಾತ್ರಿ ಕಾಲು ಒಂದೇ ಕಡೆ ಇಡಲಾಗುವುದಿಲ್ಲ.

ಆಮೇಲೆ ನಡೆಯುವುದೇನು? ಕೆಂಪು ಮಾತ್ರೆ ತರುತ್ತೇವೆ, ಟಾನಿಕ್ ಕುಡಿಸುತ್ತೇವೆ. ನುಗ್ಗೆಸೊಪ್ಪು, ಹುರುಳಿಕಾಳಿನ ಬಸ್ಸಾರು, ಬೆಲ್ಲ ಎಲ್ಲ ಕೊಡುತ್ತೇವೆ. ಇವು ಬೇಡ ಎನ್ನುತ್ತಿಲ್ಲ. ಆದರೆ ತೂತು ಬಿದ್ದ ಬಿಂದಿಗೆಗೆ ನೀರು ಹುಯ್ದಂತೆ ಆಗಬಾರದು. ಮಾತ್ರೆಯಿಂದ ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ ಸ್ವಲ್ಪ ಏರಿದರೆ "ವಾಸಿಯಾಯಿತು" ಅಂದುಕೊಳ್ಳುತ್ತೇವೆ. ಒಳಗಿನ ಗಡ್ಡೆ ಮಾತ್ರ ಬೆಳೆಯುತ್ತಲೇ ಇರುತ್ತದೆ. ನನ್ನ ಪ್ರಕಾರ ನಮ್ಮ ಹಳ್ಳಿಗಳಲ್ಲಿ ಹೆಚ್ಚು ಕಾಲ ಕಳೆದುಹೋಗುವುದು ಇಲ್ಲಿಯೇ.

ಹೆದರಬೇಡಿ. ಇಂಥ ರಕ್ತಹೀನತೆ ಇರುವವರಿಗೆಲ್ಲ ಕ್ಯಾನ್ಸರ್ ಇರುವುದಿಲ್ಲ, ಹೆಚ್ಚಿನವರಿಗೆ ಇರುವುದೇ ಇಲ್ಲ. ಬರಿಗಾಲಲ್ಲಿ ಹೊಲದಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಇರಬಹುದು. ಮಂಡಿನೋವಿಗೆ ಅಂತ ಅಂಗಡಿಯಿಂದ ತಂದು ದಿನಾ ನುಂಗುವ ಮಾತ್ರೆಯಿಂದ ಜಠರದಲ್ಲಿ ಹುಣ್ಣಾಗಿರಬಹುದು. ಮೂಲವ್ಯಾಧಿಯೂ ಇರಬಹುದು. ಆದರೆ "ಅದು ಮೂಲವ್ಯಾಧಿ" ಎಂದು ನಾವೇ ತೀರ್ಮಾನ ಮಾಡಿ ನಾಟಿ ಔಷಧಿಗೆ ಹೋಗುವುದು ಬೇಡ. ಕರುಳಿನ ಕ್ಯಾನ್ಸರ್ ನಮ್ಮ ದೇಶದಲ್ಲಿ ನಲವತ್ತರ ಒಳಗಿನವರಿಗೂ ಬರುತ್ತಿದೆ.

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಗಂಡಸರಿಗೆ 13, ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಬ್ಬಿಣಾಂಶವೇ ಕಡಿಮೆಯಾ ಎಂದು ತಿಳಿಯಲು ಫೆರಿಟಿನ್ ಎಂಬ ರಕ್ತಪರೀಕ್ಷೆ ಇದೆ. ಕಣ್ಣಿಗೆ ಕಾಣದ ರಕ್ತವನ್ನು ಹುಡುಕಲು ಮಲಪರೀಕ್ಷೆ ಇದೆ. ಗಂಡಸರಿಗಾಗಲಿ ಮುಟ್ಟು ನಿಂತ ಹೆಂಗಸರಿಗಾಗಲಿ ಕಬ್ಬಿಣಾಂಶ ಕಡಿಮೆ ಎಂದು ಗೊತ್ತಾದರೆ ಡಾಕ್ಟರನ್ನು ನೇರವಾಗಿ ಕೇಳಿ: "ರಕ್ತ ಎಲ್ಲಿ ಹೋಗ್ತಿದೆ ಸಾರ್? ಜಠರ, ಕರುಳು ನೋಡಿಸಬೇಕಾ?" ಕೇಳಲು ಸಂಕೋಚ ಬೇಡ. ತೂಕ ಇಳಿದಿದ್ದರೆ, ಮಲದ ರೀತಿ ವಾರಗಟ್ಟಲೆ ಬದಲಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ಅದನ್ನೂ ಹೇಳಿ.

ಕರುಳು ನೋಡುವ ಪರೀಕ್ಷೆಗೆ ಕೊಲೊನೋಸ್ಕೋಪಿ ಎನ್ನುತ್ತಾರೆ. ಸಣ್ಣ ಕ್ಯಾಮೆರಾ ಇರುವ ಮೆತ್ತನೆಯ ಕೊಳವೆಯನ್ನು ಗುದದ್ವಾರದಿಂದ ಒಳಗೆ ಬಿಟ್ಟು ನೋಡುತ್ತಾರೆ. ದೊಡ್ಡ ಆಸ್ಪತ್ರೆಗಳೆಂದರೆ ನಮಗೆ ಹತ್ತಿರದಲ್ಲಿ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಆಮೇಲೆ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ. ಕ್ಯಾನ್ಸರ್ ಎಂದೇ ಆದರೆ ಬೆಂಗಳೂರಿನ ಕಿದ್ವಾಯಿ ಇದೆ. ಹೋಗುವಾಗ ರೇಷನ್ ಕಾರ್ಡು, ಆಧಾರ್ ಜೊತೆಯಲ್ಲಿರಲಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ಆಸ್ಪತ್ರೆಯ ಕೌಂಟರಿನಲ್ಲೇ ವಿಚಾರಿಸಿ. ಪರೀಕ್ಷೆಯ ಖರ್ಚಿಗೆ ಬಡ್ಡಿಯವರ ಬಾಗಿಲಿಗೆ ಹೋಗುವ ಮೊದಲು ಸಂಘದಲ್ಲಿ ಮಾತಾಡಿ. ತುರ್ತು ಸಾಲ ಅಂತ ಇಟ್ಟುಕೊಂಡಿರುವುದು ಇಂಥದ್ದಕ್ಕೇ ಅಲ್ವಾ?

ಕ್ಯಾನ್ಸರ್ ಇರಬಹುದು ಎಂಬ ಸಂಶಯ ಬಂದಮೇಲೂ ಕಬ್ಬಿಣಾಂಶದ ಮಾತು ಮುಗಿಯುವುದಿಲ್ಲ. ರಕ್ತ ಕಡಿಮೆ ಇಟ್ಟುಕೊಂಡು ಆಪರೇಷನ್‌ಗೆ ಹೋದರೆ ಬೇರೆಯವರ ರಕ್ತ ಹಾಕಬೇಕಾಗುವ ಸಂಭವ ಹೆಚ್ಚು, ಚೇತರಿಸಿಕೊಳ್ಳುವುದೂ ನಿಧಾನ. ಅದಕ್ಕೇ ಡಾಕ್ಟರು ಮೊದಲೇ ಕಬ್ಬಿಣಾಂಶ ತುಂಬಿಸಲು ನೋಡುತ್ತಾರೆ. ಇಂಥ ಕಾಯಿಲೆಯಲ್ಲಿ ನುಂಗಿದ ಮಾತ್ರೆಯನ್ನು ಕರುಳು ಸರಿಯಾಗಿ ಹೀರಿಕೊಳ್ಳದೆ ಇರಬಹುದು. ಆಗ ರಕ್ತನಾಳದ ಮೂಲಕ ಡ್ರಿಪ್ ಹಾಕುತ್ತಾರೆ. "ಗ್ಲೂಕೋಸ್ ಹಾಕಿದರು" ಅಂತ ಬಂದು ಹೇಳುತ್ತಾರಲ್ಲ, ಅದು ಕಬ್ಬಿಣಾಂಶವೇ ಆಗಿರಬಹುದು.

ಕಬ್ಬಿಣದ ಮಾತ್ರೆ ನುಂಗುವವರ ಮಲ ಕಪ್ಪಾಗುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಆದರೆ ಮಲ ರಸ್ತೆಗೆ ಹಾಕುವ ಟಾರಿನಂತೆ ಅಂಟಂಟಾಗಿ, ಕೆಟ್ಟ ವಾಸನೆ ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಕೊಲೊನೋಸ್ಕೋಪಿಗೆ ದಿನ ಗೊತ್ತಾದ ಕೂಡಲೇ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ತಿಳಿಸಿ. ಸಾಮಾನ್ಯವಾಗಿ ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ, ಇಲ್ಲವಾದರೆ ಕರುಳಿನ ಗೋಡೆ ಕಪ್ಪಗೆ ಮೆತ್ತಿಕೊಂಡು ಸರಿಯಾಗಿ ಕಾಣುವುದಿಲ್ಲ. ಹೊಟ್ಟೆ ಖಾಲಿಯಾಗಲು ಕೊಡುವ ಔಷಧಿ ಕುಡಿದಮೇಲೆ ಹತ್ತಾರು ಸಲ ಹೊರಕಡೆ ಹೋಗಬೇಕಾಗುತ್ತದೆ. ಮೊದಲೇ ರಕ್ತ ಕಡಿಮೆ ಇರುವ ವಯಸ್ಸಾದವರು ತಲೆ ತಿರುಗಿ ಬಿದ್ದುಬಿಡಬಹುದು. ಆ ರಾತ್ರಿ ಅತ್ತೆಯನ್ನೋ ಅಪ್ಪನನ್ನೋ ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿ ಯಾರೂ ಇಲ್ಲವಾದರೆ ಸಂಘದ ಒಬ್ಬರು ಹೋಗಿ ಜೊತೆಗೆ ಮಲಗಿ.