ಪರದೇಶದ ಮೋಟಾರುಸೈಕಲ್ಲು ಮತ್ತು ಗಡಿಗಳ ಕಟ್ಟಳೆ

ಚಿಂಚೋಳಿ ತಾಲೂಕಿನ ಕುಂಚಾವರಂ ಕಾಡಿನ ದಾರಿಯಿಂದ ಮೋಟಾರುಸೈಕಲ್ಲೇರಿ ತೆಲಂಗಾಣವನ್ನು ಸೇರುವವನಿಗೆ ಗಡಿ ದಾಟಿದ್ದು ಅಷ್ಟಾಗಿ ಅರಿವಿಗೆ ಬಾರದು. ಆದರೂ 1988ರ ಮೋಟಾರು ವಾಹನ ಕಾಯ್ದೆಯಂತೆ, ಅನ್ಯರಾಜ್ಯದಲ್ಲಿ ವಾಹನವನ್ನು 12 ತಿಂಗಳು ಮೀರಿ ಇಟ್ಟುಕೊಂಡವನು ಅಲ್ಲಿಯ ನೋಂದಣಿ ಸಂಖ್ಯೆಯನ್ನು ಪಡೆಯಬೇಕು. ಒಂದೇ ದೇಶದೊಳಗೆ ಹೀಗಿದ್ದರೆ, ದೇಶದೇಶಗಳ ನಡುವಿನ ಕಟ್ಟಳೆ ಇನ್ನೂ ಬಿಗಿಯಾಗಿರುವುದು ಸಹಜವೇ.

1932ರಲ್ಲಿ ರಾಬರ್ಟ್ ಎಡಿಸನ್ ಫುಲ್ಟನ್ ಎಂಬ ಅಮೆರಿಕದ ತರುಣನು ಲಂಡನ್ನಿನಲ್ಲಿ ಇಂಗ್ಲಿಷ್ ತಯಾರಿಕೆಯ ಡಗ್ಲಸ್ ಮೋಟಾರುಸೈಕಲ್ಲನ್ನು ಪಡೆದು ಹೊರಟು, ಭಾರತವನ್ನು ಹಾದು ಜಪಾನನ್ನು ಮುಟ್ಟಿದನು. ಇಂದು ಅಂಥ ಸಾಹಸಕ್ಕೆ ಹೊರಡುವವರು ಮೂರು ಸಂಗತಿಗಳನ್ನು ಮೊದಲೇ ಅರಿತಿರಬೇಕು.

ಒಂದನೆಯದು ನೋಂದಣಿ. ವಾಹನವು ಸವಾರನ ಹೆಸರಿನಲ್ಲಿದ್ದು, ಚಾಸಿ ಹಾಗೂ ಎಂಜಿನ್ನಿನ ಸಂಖ್ಯೆಗಳು ಕಾಗದದೊಡನೆ ತಾಳೆಯಾಗಬೇಕು. ಸ್ಥಳೀಯ ವಿಳಾಸವಿಲ್ಲದೆ ಹಲವು ದೇಶಗಳಲ್ಲಿ ನೋಂದಣಿಯಾಗದು.

ಎರಡನೆಯದು ‘ಕಾರ್ನೆ’ ಎಂಬ ಸುಂಕದ ಪುಸ್ತಿಕೆ. ಮೋಟಾರು ಸಂಘವು ಭದ್ರತೆ ಪಡೆದು ಒಂದು ವರ್ಷದ ಅವಧಿಗೆ ಇದನ್ನು ಕೊಡುತ್ತದೆ. ಒಳಬಂದ ಮುದ್ರೆಯಿದ್ದು ಹೊರಹೋದ ಮುದ್ರೆಯಿಲ್ಲದಿದ್ದರೆ, ವಾಹನವು ಆ ದೇಶದಲ್ಲಿಯೇ ಉಳಿಯಿತೆಂದು ಭಾವಿಸಿ ಸುಂಕವನ್ನು ಕೇಳುವರು. ಭದ್ರತೆಯ ಹಣಕ್ಕೆ ಸಂಚಕಾರ ಬರುವುದು.

ಮೂರನೆಯದು 1949ರ ಜಿನೀವಾ ಒಪ್ಪಂದದಂತೆ ದೊರೆಯುವ, ಒಂದು ವರ್ಷ ಸಲ್ಲುವ ಅಂತರರಾಷ್ಟ್ರೀಯ ಚಾಲನಾ ಪರವಾನಿಗೆ.

ಕಾರ್ನೆಯು ತಾತ್ಕಾಲಿಕ ಪ್ರವೇಶಕ್ಕೆ ಮಾತ್ರ. ಪರದೇಶದಲ್ಲಿ ಕೊಂಡದ್ದನ್ನು ಊರಿಗೆ ತಂದು ಇಟ್ಟುಕೊಳ್ಳಬೇಕೆಂದರೆ ಆಮದು ಸುಂಕವನ್ನು ತೆರಲೇಬೇಕು. ಆದುದರಿಂದ ವಾಹನದ ಬೆಲೆಯನ್ನು ಕೇಳುವ ಮುನ್ನ, ಪ್ರವಾಸದ ಕೊನೆಯಲ್ಲಿ ಅದನ್ನೇನು ಮಾಡುವುದೆಂಬುದನ್ನು ನಿಶ್ಚಯಿಸಿಕೊಳ್ಳುವುದು ವಿವೇಕ.